ಬಣ್ಣ ತೆಗೆದಿದ್ದರೂ 'ಪೋಲಾರ್' ಸಿನಿಮಾ ಉಳಿಯುತ್ತಿರಲಿಲ್ಲ: ರಾಯಚೂರಿನ ಗೆಳೆಯರ ಪೋಸ್ಟಿಗೆ ಉತ್ತರ

ನಿಮ್ಮ ಪೋಸ್ಟಿಗೆ ಒಂದು ಲೈಕ್ ಒತ್ತಿ ಮುಂದೆ ಹೋಗಲು ಮನಸ್ಸಾಗಲಿಲ್ಲ. ವಿಕ್ಟರ್ ಸಾಂತೋಸ್ ಅವರ 'ಪೋಲಾರ್' ಕಾಮಿಕ್ಸ್ ಓದಿ, ಆಮೇಲೆ ನೆಟ್‌ಫ್ಲಿಕ್ಸ್‌ನಲ್ಲಿ 2019ರ ಸಿನಿಮಾ ನೋಡಿ ಬೇಜಾರಾಯಿತು ಎಂದಿದ್ದೀರಿ. ಬೇಜಾರು ನ್ಯಾಯವಾದದ್ದೇ. ಆದರೆ ಅದರಿಂದ ತೆಗೆದುಕೊಂಡ ಪಾಠ ತಪ್ಪು. 'ಪೂರ್ತಿ ಕಪ್ಪು ಬಿಳುಪು ಮಾಡಿ ಕೆಂಪು ಒಂದನ್ನೇ ಉಳಿಸಿದ್ದರೆ ಸಾಕಿತ್ತು' ಅಂತ ಬರೆದಿದ್ದೀರಿ. ನೀವೇ ಬರೆದ ಕಾಮಿಕ್ಸನ್ನು ಹಾಗೇ ಕಿರುಚಿತ್ರ ಮಾಡುತ್ತೀರಂತೆ. ಪುಟದ ಪ್ರತಿ ಚಿತ್ರದ ಬಾಕ್ಸಿಗೆ ಒಂದು ಶಾಟ್, ಎಡಿಟಿಂಗ್‌ನಲ್ಲಿ ಫಿಲ್ಟರ್, ಬಾಕ್ಸಿನಲ್ಲಿ ಬರೆದ ಕ್ಯಾಪ್ಶನ್ ಎಲ್ಲಾ ವಾಯ್ಸ್ ಓವರ್, ಅಂದರೆ ಹಿನ್ನೆಲೆ ದನಿ. ಬಳ್ಳಾರಿಯಲ್ಲಿ ನಮ್ಮ ತಂಡದ ಮೊದಲ ಚಿತ್ರ ಕೆಟ್ಟಿದ್ದು ಇದೇ ಮೂರು ಕಾರಣಕ್ಕೆ. ನೀವಿನ್ನೂ ಕ್ಯಾಮೆರಾ ತೆಗೆದಿಲ್ಲವಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ ಸಿನಿಮಾ. 'ಪೋಲಾರ್' ಶುರುವಾಗಿದ್ದು ವೆಬ್ ಕಾಮಿಕ್ಸ್ ಆಗಿ, ಅದರಲ್ಲಿ ಮಾತೇ ಇರಲಿಲ್ಲ. ಅಮೆರಿಕದ ಪ್ರಕಾಶನ ಸಂಸ್ಥೆ ಡಾರ್ಕ್ ಹಾರ್ಸ್ 2013ರಲ್ಲಿ ಪುಸ್ತಕ ತಂದಾಗ ಸಂಭಾಷಣೆ ಸೇರಿತು, ಅದೂ ಅಳತೆ ಮೀರದೆ. ಕಪ್ಪು, ಬಿಳಿ, ನಡುವೆ ಕಿತ್ತಳೆಗೆಂಪು. ಒಬ್ಬ ಮನುಷ್ಯ ಹಿಮದಲ್ಲಿ ನಡೆಯುತ್ತಾನೆ, ಕಾಯುತ್ತಾನೆ, ಹೊಡೆಯುತ್ತಾನೆ. ಅವನು ಯೋಚಿಸುತ್ತಿರುವುದು ಏನು ಅಂತ ಯಾರೂ ಹೇಳುವುದಿಲ್ಲ. ಓದುವವರೇ ಬಾಕ್ಸ್‌ಗಳ ನಡುವೆ ನಿಂತು ಅದನ್ನು ತುಂಬಿಕೊಳ್ಳಬೇಕು. ಸಿನಿಮಾ ಮಾಡಿದ ಯೋನಾಸ್ ಓಕರ್‌ಲುಂಡ್ ಮ್ಯೂಸಿಕ್ ವಿಡಿಯೊಗಳಿಂದ ಹೆಸರು ಮಾಡಿದವರು. ಅವರಿಗೆ ಖಾಲಿ ಜಾಗ ಕಂಡರೆ ತುಂಬಬೇಕು. ಕೊಲೆಗಾರರ ತಂಡಕ್ಕೆ ಮಿಠಾಯಿ ಬಣ್ಣ, ಪ್ರತಿಯೊಬ್ಬರಿಗೂ ತೆರೆ ತುಂಬ ಹೆಸರಿನ ಕಾರ್ಡು, ಕಿರುಚುವ ವಿಲನ್, ಬಡಿಯುವ ಸಂಗೀತ. ನಿವೃತ್ತಿಗೆ ಬಂದ ಬಾಡಿಗೆ ಕೊಲೆಗಾರನ ಪಾತ್ರದ ಮ್ಯಾಡ್ಸ್ ಮಿಕೆಲ್ಸನ್ ಮಾತ್ರ ಮೂಲ ಕಾಮಿಕ್ಸಿನಿಂದ ಎದ್ದು ಬಂದ ಹಾಗೆ ಸುಮ್ಮನೆ ಕೂತಿರುತ್ತಾರೆ. ಅವರ ಮುಖದ ಮೇಲೆ ಕ್ಯಾಮೆರಾ ನಿಂತ ಕಡೆಯೆಲ್ಲಾ ಸಿನಿಮಾ ಸರಿಯಾಗಿದೆ. ಆದರೆ ಐವತ್ತು ತುಂಬುವ ಮೊದಲೇ ಅವರನ್ನು ಮುಗಿಸಿ ಪಿಂಚಣಿ ದುಡ್ಡು ಉಳಿಸಿಕೊಳ್ಳಬೇಕು ಎನ್ನುವ ಮಾಲೀಕನ ದೃಶ್ಯ ಬಂದ ತಕ್ಷಣ ಬೇರೆ ಯಾವುದೋ ಸಿನಿಮಾ ಓಡುತ್ತದೆ. ಈಗ ಅದನ್ನೇ ಕಪ್ಪು ಬಿಳುಪಿನಲ್ಲಿ ಕಲ್ಪಿಸಿಕೊಳ್ಳಿ. ಅದೇ ಗಲಾಟೆ, ಬೂದು ಬಣ್ಣದಲ್ಲಿ, ಅಷ್ಟೇ ಅಲ್ವಾ?

ಬಣ್ಣ ಇದ್ದರೆ ನಾಯ್ರ್ (ನೆರಳು, ಕತ್ತಲೆ ತುಂಬಿದ ಅಪರಾಧ ಕಥೆ) ಆಗುವುದಿಲ್ಲ ಎನ್ನುವವರು 'ರೋಡ್ ಟು ಪರ್ಡಿಶನ್' ನೋಡಲೇಬೇಕು. ಅದೂ ಗ್ರಾಫಿಕ್ ನಾವೆಲ್, 1998ರದು. ಕಥೆ ಮ್ಯಾಕ್ಸ್ ಅಲನ್ ಕಾಲಿನ್ಸ್, ಚಿತ್ರ ರಿಚರ್ಡ್ ಪಿಯರ್ಸ್ ರೇನರ್. ಪುಸ್ತಕ ಕಪ್ಪು ಬಿಳುಪು. ಸ್ಯಾಮ್ ಮೆಂಡಿಸ್ 2002ರಲ್ಲಿ ಅದನ್ನು ಪೂರ್ತಿ ಬಣ್ಣದಲ್ಲಿ ತೆಗೆದರು. ಮಳೆಯಲ್ಲಿ ಗುಂಡು ಹಾರಿಸುವ ದೃಶ್ಯ ನೋಡಿ. ಬಂದೂಕಿನ ಬಾಯಲ್ಲಿ ಬೆಳಕು ಕಾಣುತ್ತದೆ, ಸದ್ದು ಕೇಳಿಸುವುದಿಲ್ಲ, ಸಂಗೀತ ಮಾತ್ರ. ಕಾನ್ರಾಡ್ ಹಾಲ್ ಅವರಿಗೆ ಆ ಛಾಯಾಗ್ರಹಣಕ್ಕೆ ಆಸ್ಕರ್ ಬಂತು, ಅವರು ತೀರಿಕೊಂಡ ಮೇಲೆ. ಪುಸ್ತಕದ ಬಾಕ್ಸ್‌ಗಳನ್ನು ಅವರು ನಕಲು ಮಾಡಲಿಲ್ಲ. ಮೆಂಡಿಸ್, ಹಾಲ್ ಇಬ್ಬರೂ ಪುಸ್ತಕ ಓದುವಾಗ ನಮ್ಮ ಕಿವಿಯಲ್ಲಿ ಇರುವ ಮೌನವನ್ನು ತೆರೆಗೆ ತಂದರು.

'ಹಾಗಾದರೆ ಸಿನ್ ಸಿಟಿ?' ಅಂತ ಕೇಳುತ್ತೀರಿ, ಗೊತ್ತು. ಈ ಗುಂಪಿನಲ್ಲಿ ಎಲ್ಲರೂ ಅದನ್ನೇ ಕೇಳುವುದು. ಕಪ್ಪು ಬಿಳುಪಿನಲ್ಲಿ ಅಲ್ಲಲ್ಲಿ ಮಾತ್ರ ಬಣ್ಣ ಉಳಿಸಿದ ಆ 2005ರ ಸಿನಿಮಾ ಕಾಮಿಕ್ಸಿನ ಬಾಕ್ಸಿಗೆ ಬಾಕ್ಸ್ ನಕಲು, ಹೌದು. ಮೂಲ ಕಾಮಿಕ್ಸ್ ಬರೆದ ಫ್ರಾಂಕ್ ಮಿಲ್ಲರ್ ಹೆಸರೂ ನಿರ್ದೇಶಕ ಅಂತ ತಮ್ಮ ಹೆಸರಿನ ಪಕ್ಕದಲ್ಲಿ ಇರಲೇಬೇಕು ಎಂದು ನಿರ್ದೇಶಕ ರಾಬರ್ಟ್ ರೋಡ್ರಿಗೆಸ್ ಅಮೆರಿಕದ ನಿರ್ದೇಶಕರ ಸಂಘ ಡೈರೆಕ್ಟರ್ಸ್ ಗಿಲ್ಡ್‌ಗೇ ರಾಜೀನಾಮೆ ಕೊಟ್ಟರು. ಗೆದ್ದಿತು ಕೂಡ. ಸುಮಾರು 4 ಕೋಟಿ ಡಾಲರ್ ಖರ್ಚು, 15 ಕೋಟಿ ಮೀರಿ ಗಳಿಕೆ. ಆದರೆ 2014ರಲ್ಲಿ ಅದೇ ಇಬ್ಬರು, ಅದೇ ತಂತ್ರ, ಅದೇ ವಾಯ್ಸ್ ಓವರ್ ಇಟ್ಟುಕೊಂಡು ಎರಡನೇ ಭಾಗ ತಂದರು. 6 ಕೋಟಿಗಿಂತ ಜಾಸ್ತಿ ಸುರಿದು 4 ಕೋಟಿಯನ್ನೂ ಮುಟ್ಟಲಿಲ್ಲ. ನಡುವೆ 2008ರಲ್ಲಿ ಮಿಲ್ಲರ್ ಒಬ್ಬರೇ ವಿಲ್ ಐಸ್ನರ್ ಅವರ 'ದಿ ಸ್ಪಿರಿಟ್' ಕಾಮಿಕ್ಸನ್ನು ಸಿನಿಮಾ ಮಾಡಿ, ಐಸ್ನರ್ ಅವರ ತುಂಟತನಕ್ಕೆ ತಮ್ಮ ಕಪ್ಪು ಬಣ್ಣ ಬಳಿದರು. ಅದೂ ಬಿತ್ತು. ತಂತ್ರ ಮೊದಲ ಸಲ ಹೊಸದಾಗಿತ್ತು, ಅದಕ್ಕೇ ನಡೆಯಿತು. ನೀವು ಮಾಡುವ ಹೊತ್ತಿಗೆ ಇಪ್ಪತ್ತು ವರ್ಷ ಹಳೆಯದು.

ಇನ್ನು ಕೆಲಸದ ಮಾತು. ನಿಮ್ಮ ಫಿಲ್ಟರ್ ಪ್ಲಾನ್ ಏಕೆ ಕೈಕೊಡುತ್ತದೆ ಹೇಳುತ್ತೇನೆ. ಫೋನ್ ಕ್ಯಾಮೆರಾಗೆ ಕತ್ತಲೆ ಕಂಡರೆ ಆಗುವುದಿಲ್ಲ. ಆಟೋದಲ್ಲಿ ಬಿಟ್ಟರೆ ನೆರಳನ್ನೆಲ್ಲ ಎತ್ತಿ ಬೂದಿ ಮಾಡುತ್ತದೆ. ಆಮೇಲೆ ಕಾಂಟ್ರಾಸ್ಟ್ ಎಳೆದರೆ ಆ ಬೂದಿಯಲ್ಲಿದ್ದ ಕಾಳುಕಾಳು ನಾಯ್ಸ್ ಎಲ್ಲಾ ಮೇಲೆ ಬರುತ್ತದೆ. ಕತ್ತಲೆಯನ್ನು ಶೂಟಿಂಗ್ ಜಾಗದಲ್ಲೇ ಮಾಡಬೇಕು, ಲ್ಯಾಪ್‌ಟಾಪ್‌ನಲ್ಲಿ ಅಲ್ಲ. ಅದಕ್ಕೆ ಬೇಕಾದ ವಿದ್ಯೆ ನಮ್ಮ ಪಕ್ಕದಲ್ಲೇ ಇದೆ, ಯಾರೂ ತಿರುಗಿ ನೋಡುವುದಿಲ್ಲ ಎನ್ನುವುದೇ ನನ್ನ ಸಂಕಟ.

ತೊಗಲು ಗೊಂಬೆಯಾಟ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಫೋಟೊ ಹಂಚಿಕೊಂಡೆವು. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ಗಾಂಧೀಜಿ ಕಥೆಯನ್ನೂ ಗೊಂಬೆಯಲ್ಲಿ ಆಡಿಸಿದರು. ಆದರೆ ಶಾರ್ಟ್ ಫಿಲ್ಮ್ ಮಾಡುವ ಎಷ್ಟು ಜನ ಕೂತು ಆ ಪರದೆ, ಆ ದೀಪ ಗಮನಿಸಿದ್ದೇವೆ? ಗೊಂಬೆ ಪರದೆಗೆ ಅಂಟಿದಾಗ ಅಂಚು ಚೂಪು. ದೀಪದ ಕಡೆಗೆ ಎಳೆದಾಗ ನೆರಳು ಹಿಗ್ಗುತ್ತದೆ, ಮಸುಕಾಗುತ್ತದೆ. ಪಾತ್ರ ತೆರೆಗೆ ಬರುವ ಮೊದಲೇ ಬರುತ್ತಿದೆ ಅಂತ ಗೊತ್ತಾಗುತ್ತದೆ. ಇನ್ನೊಂದು ವಿಷಯ. ಕೇರಳದ ತೊಗಲು ಗೊಂಬೆಯಾಟವಾದ ತೋಲ್ಪಾವಕೂತ್ತಿನಲ್ಲಿ ನೆರಳು ಹೆಚ್ಚಾಗಿ ಕಪ್ಪು. ನಮ್ಮದು ಹಾಗಲ್ಲ. ತೊಗಲನ್ನು ಬೆಳಕು ಹಾಯುವಷ್ಟು ತೆಳು ಮಾಡಿ ಬಣ್ಣ ಹಾಕಿರುತ್ತಾರೆ, ಹಾಗಾಗಿ ನೆರಳಿಗೇ ಬಣ್ಣ ಇರುತ್ತದೆ. ಬಣ್ಣ ಬಿಡದೆಯೂ ನೆರಳಿನ ಆಟ ಆಡಬಹುದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಾವೀಗ ಪ್ರತಿ ದೃಶ್ಯಕ್ಕೂ ಮೊದಲು ನೆರಳಿನ ಪರೀಕ್ಷೆ ಮಾಡುತ್ತೇವೆ. ರಟ್ಟಿನಲ್ಲಿ ಪಾತ್ರಗಳನ್ನು ಕತ್ತರಿಸಿಕೊಳ್ಳಿ. ಮುಖ ಬೇಡ, ಆಕಾರ ಸಾಕು. ಬಾಗಿಲು, ಕುರ್ಚಿ, ಮೆಟ್ಟಿಲು ಏನಿದೆಯೋ ಅದೂ ಇರಲಿ. ಕತ್ತಲೆ ಕೋಣೆಯಲ್ಲಿ ಬಿಳಿ ಬೆಡ್‌ಶೀಟ್ ಬಿಗಿಯಾಗಿ ಕಟ್ಟಿ, ಹಿಂದೆ ಒಂದೇ ಬೆಳಕಿಟ್ಟು ದೃಶ್ಯ ಆಡಿಸಿ. ಕಥೆ ಗೊತ್ತಿಲ್ಲದ ಒಬ್ಬರನ್ನು ಮುಂದೆ ಕೂರಿಸಿ. ಯಾರು ಯಾರಿಗೆ ಹೆದರುತ್ತಿದ್ದಾರೆ, ಯಾರ ಕೈಯಲ್ಲಿ ಏನಿದೆ ಅಂತ ಅವರಿಗೆ ತಿಳಿಯಬೇಕು. ತಿಳಿಯದಿದ್ದರೆ ನಟರನ್ನು ನಿಲ್ಲಿಸಿರುವ ರೀತಿಯೇ ತಪ್ಪು, ಯಾವ ಲೈಟೂ ಅದನ್ನು ಸರಿಮಾಡುವುದಿಲ್ಲ. ಇಬ್ಬರ ಆಕಾರ ಒಂದರ ಮೇಲೊಂದು ಬಿದ್ದು ಮುದ್ದೆಯಾಗುವುದೇ ಹೆಚ್ಚು. ಹೆಜ್ಜೆ ಪಕ್ಕಕ್ಕೆ ಸರಿಸಿ. ಕೈಯನ್ನು ಮೈಯಿಂದ ಹೊರಗೆ ತನ್ನಿ.

ಈ ಪರೀಕ್ಷೆಗೆ ಹಾಲುಬಣ್ಣದ ಎಲ್‌ಇಡಿ ಬಲ್ಬ್ ಬಳಸಬೇಡಿ, ಅದರ ಬುರುಡೆಯೇ ದೊಡ್ಡದು, ಅಂಚು ಕರಗುತ್ತದೆ. ಫೋನಿನ ಟಾರ್ಚ್ ಚಿಕ್ಕದು, ನೆರಳು ಕತ್ತರಿಸಿದ ಹಾಗೆ ಬರುತ್ತದೆ. ಒಳಗಿನ ತಂತಿ ಕಾಣುವ ಹಳೆ ಬುರುಡೆ ಬಲ್ಬ್ ಇದ್ದರೆ ಇನ್ನೂ ಚೆಂದ, ಆದರೆ ಬಟ್ಟೆಯಿಂದ ದೂರ ಇಡಿ, ಕಾಯುತ್ತದೆ. ಎಣ್ಣೆ ದೀಪ ಹಚ್ಚುವ ಆಸೆ ಬಿಡಿ. ಬೆಡ್‌ಶೀಟ್ ಮುಂದೆ ಬೆಂಕಿ ಆಟ ಬೇಡ.

ಶೂಟಿಂಗ್ ದಿನವೂ ಇದೇ ಲೆಕ್ಕ. ಚೂಪು ನೆರಳು ಕೊಡುವ ಒಂದೇ ಗಟ್ಟಿ ಲೈಟ್, ಪಕ್ಕದಿಂದ ಇಲ್ಲವೇ ಹಿಂದಿನಿಂದ. ಸಣ್ಣ ಗೊಡಾಕ್ಸ್ ಲೈಟ್ ಬಾಡಿಗೆಗೆ ತಂದರೂ ಸಾಕು, ಬೆಳಕನ್ನು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್ ಬಿಚ್ಚಿಡಿ. ರಿಂಗ್ ಲೈಟ್ ತರುತ್ತೇವೆ ಎಂದು ಕಾಮೆಂಟಿನಲ್ಲಿ ಬರೆದವರಿಗೆ ಕೈ ಮುಗಿದು ಹೇಳುತ್ತೇನೆ, ತರಬೇಡಿ. ಅದು ಮುಖದ ನೆರಳನ್ನೆಲ್ಲ ಒರೆಸುವುದಕ್ಕೇ ಇರುವ ಸಾಮಾನು. ಲೈಟಿನ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಇದನ್ನು ಉಪಯೋಗಿಸಿಕೊಳ್ಳಿ. ನಟರನ್ನು ಲೈಟಿಗೆ ಹತ್ತಿರ, ಗೋಡೆಯಿಂದ ದೂರ ನಿಲ್ಲಿಸಿದರೆ ಗೋಡೆ ತಾನೇ ಕಪ್ಪಾಗುತ್ತದೆ. ಕ್ಯಾಮೆರಾ ಇರುವ ಕಡೆ ಕರಿ ಬಟ್ಟೆ ಹಿಡಿಯಿರಿ. ಸುಣ್ಣ ಬಳಿದ ಗೋಡೆಯಿಂದ ಬೆಳಕು ವಾಪಸ್ ಬಂದು ನೆರಳಿಗೆ ಸೇರುವುದು ಅದರಿಂದ ನಿಲ್ಲುತ್ತದೆ. ನಮ್ಮ ಕಡೆಯ ಒರಟು ಗ್ರಾನೈಟ್ ಗೋಡೆಗೆ ಎದುರಿನಿಂದ ಬೆಳಕು ಹಾಕಿದರೆ ಚಪ್ಪಟೆ. ಪಕ್ಕದಿಂದ, ಗೋಡೆಯನ್ನು ಸವರಿದ ಹಾಗೆ ಹಾಕಿ, ಪ್ರತಿ ಉಬ್ಬು ಮಾತಾಡುತ್ತದೆ. ಬೆಳಕಿನ ಗೆರೆ ಕಾಣಬೇಕೆಂದರೆ ಸಾಂಬ್ರಾಣಿ ಹೊಗೆ ಸಾಕು. ಗಂಗಾವತಿ ಕಡೆ ರೈಸ್ ಮಿಲ್ಲಿನಲ್ಲಿ ತೌಡಿನ ಧೂಳು ಎಬ್ಬಿಸಿ ತೆಗೆಯೋಣ ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಗಾಳಿಯಲ್ಲಿ ತುಂಬಿದ ಧಾನ್ಯದ ಧೂಳಿಗೆ ಕಿಡಿ ತಾಗಿದರೆ ಸಿಡಿಯುತ್ತದೆ. ಲೈಟು, ವೈರು ತೆಗೆದುಕೊಂಡು ಅಂಥ ಜಾಗಕ್ಕೆ ಹೋಗಲೇಬಾರದು.

ಫೋನಿಗೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ, ಉಚಿತ. ಎಕ್ಸ್‌ಪೋಶರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕಿನ ಮಟ್ಟ) ಲಾಕ್ ಮಾಡಿ, ಐಎಸ್ಒ (ಬೆಳಕಿಗೆ ಸೂಕ್ಷ್ಮತೆ) ಕೆಳಗಿಡಿ, ಮುಖದ ಬೆಳಕಿರುವ ಕಡೆಗೆ ಅಳೆಯಿರಿ, ಉಳಿದದ್ದು ಮುಳುಗಲಿ. ನಮ್ಮ ಕರೆಂಟ್ 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ಇದನ್ನು ಬಿಟ್ಟು 24, 30 ಅಂತ ಹೋದರೆ ಬೀದಿ ದೀಪ ಮಿಣುಕುವ ಅಪಾಯ ಇದೆ. ಆಮೇಲೆ ತೆಗೆಯಲು ಬಹಳ ಒದ್ದಾಡಬೇಕು. ಮತ್ತೆ, ಏಪ್ರಿಲ್ ಮೇನಲ್ಲಿ ಹಗಲು ಶೂಟಿಂಗ್ ಇಡಬೇಡಿ. ರಾಯಚೂರಿನ ಬಿಸಿಲಿಗೆ ನಟರಿಗಿಂತ ಮೊದಲು ಫೋನ್ ಸೋಲುತ್ತದೆ. ಬಿಸಿಯಾದ ಫೋನ್ ಸ್ಕ್ರೀನ್ ಮಂಕು ಮಾಡಿಕೊಳ್ಳುತ್ತದೆ. ನೀವು ಶಾಟೇ ಕತ್ತಲಾಯಿತು ಅಂದುಕೊಂಡು ಎಕ್ಸ್‌ಪೋಶರ್ ಏರಿಸುತ್ತೀರಿ, ಮನೆಗೆ ಬಂದು ನೋಡಿದರೆ ಎಲ್ಲಾ ಬಿಳಿಚಿಕೊಂಡಿರುತ್ತದೆ.

ಕೆಂಪು ಒಂದನ್ನೇ ಉಳಿಸುವ ಆಸೆ ಇನ್ನೂ ಬಿಡದಿದ್ದರೆ ಇದನ್ನು ಕೇಳಿ. ನಮ್ಮ ಮೈಬಣ್ಣ, ತುಟಿ, ಸಂಡೂರು ಕಡೆಯ ಅದಿರಿನ ಧೂಳು, ಹೆಂಚು, ಎಲ್ಲವೂ ಕೆಂಪು ಕಿತ್ತಳೆಯ ಗುಂಪಿಗೇ ಸೇರುತ್ತವೆ. ಎಡಿಟಿಂಗ್‌ನಲ್ಲಿ ಕೆಂಪು ಆರಿಸಿದ ತಕ್ಷಣ ಸೀರೆಯ ಜೊತೆ ಅರ್ಧ ಮುಖವೂ ಉಳಿದುಕೊಳ್ಳುತ್ತದೆ. ಅದಕ್ಕೆ ಶೂಟಿಂಗ್‌ನಲ್ಲಿ ಆ ವಸ್ತುವನ್ನು ಗಾಢ ನೀಲಿ ಇಲ್ಲವೇ ಹಸಿರು ಮಾಡಿ, ಫ್ರೇಮಿನಲ್ಲಿ ಆ ಬಣ್ಣ ಬೇರೆಲ್ಲೂ ಇರದಂತೆ ನೋಡಿಕೊಳ್ಳಿ. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಅದನ್ನು ಆರಿಸಿ ಕೆಂಪಿಗೆ ತಿರುಗಿಸಿ. ಉಚಿತ ಆವೃತ್ತಿಯೇ ಸಾಕು, ಕದ್ದ ನಕಲು (ಕ್ರ್ಯಾಕ್) ಹುಡುಕಬೇಡಿ. ಸಿನ್ ಸಿಟಿಯಲ್ಲಿ ಹಳದಿ ಮೈಯ ವಿಲನ್‌ಗೆ ಸೆಟ್ಟಿನಲ್ಲಿ ಬಳಿದಿದ್ದು ನೀಲಿ ಬಣ್ಣ. ಹಿನ್ನೆಲೆಯನ್ನು ಆಮೇಲೆ ಬದಲಿಸಲು ಕಟ್ಟುವ ಹಸಿರು ಪರದೆಯ ಮುಂದೆ ಹಳದಿ ಬೇರ್ಪಡುವುದಿಲ್ಲ ಅಂತ ಹಾಗೆ ಮಾಡಿದರು. ಬಟ್ಟೆಯನ್ನೂ ಫೋನಿನ ಮೋನೊ (ಕಪ್ಪು ಬಿಳುಪು) ಮೋಡ್‌ನಲ್ಲಿ ಮೊದಲೇ ನೋಡಿ. ಬಣ್ಣದಲ್ಲಿ ಎದ್ದು ಕಾಣುವ ಕೆಂಪು ಸೀರೆ ಮತ್ತು ಹಸಿರು ಗೋಡೆ ಕಪ್ಪು ಬಿಳುಪಿನಲ್ಲಿ ಒಂದೇ ಬೂದು ಆಗಿಬಿಡಬಹುದು. ಹಳೆ ಹಳದಿ ಸೋಡಿಯಂ ದೀಪ ಉಳಿದಿರುವ ಬೀದಿಯಲ್ಲಂತೂ ಈ ಬಣ್ಣದ ಆಟ ನಡೆಯುವುದೇ ಇಲ್ಲ. ಅಲ್ಲಿ ಆಕಾರ ಮಾತ್ರ ನಂಬಿ.

ವಾಯ್ಸ್ ಓವರ್ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನೀವು ಹಾಕಿದ ಪುಟ ನೋಡಿದೆ. 'ಅವನು ಬಾಗಿಲು ತೆರೆದ. ಒಳಗೆ ಕತ್ತಲೆ' ಅಂತ ಕ್ಯಾಪ್ಶನ್ ಇದೆ. ಚಿತ್ರದಲ್ಲೂ ಬಾಗಿಲು ತೆರೆದಿದೆ, ಒಳಗೆ ಕತ್ತಲೆ ಇದೆ. ಪುಟದಲ್ಲಿ ಇದು ನಡೆಯುತ್ತದೆ, ಓದುವವರು ತಮ್ಮ ವೇಗದಲ್ಲಿ ದಾಟುತ್ತಾರೆ. ತೆರೆಯ ಮೇಲೆ ಕಣ್ಣು ಕಂಡದ್ದನ್ನೇ ಕಿವಿಗೆ ಓದಿ ಹೇಳಿದಂತಾಗುತ್ತದೆ. ಮೊದಲ ಕಟ್ ಅನ್ನು ಒಂದೂ ವಾಯ್ಸ್ ಓವರ್ ಇಲ್ಲದೆ ಕೂಡಿಸಿ. ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ಮಾತ್ರ ಒಂದು ಸಾಲು ಸೇರಿಸಿ. ಅದೂ ಚಿತ್ರ ತೋರಿಸದ ವಿಷಯವಾಗಿರಲಿ. ಬಾಕ್ಸಿಗೆ ಒಂದು ಶಾಟ್ ಎನ್ನುವ ಹಠವೂ ಬೇಡ. ನಿಮ್ಮ ಮೂರನೇ ಪುಟದ ಆರು ಬಾಕ್ಸ್ ನಿಜವಾಗಿ ಒಂದೇ ಉದ್ದ ಶಾಟ್. ಆ ಪುಟದ ಹೆಣ್ಣು ಪಾತ್ರ ಮೆಟ್ಟಿಲಿಳಿದು ಬರುವವರೆಗೆ ಕ್ಯಾಮೆರಾ ಕದಲದೆ ಇರಲಿ. ಕೊನೇ ಪುಟದ ಒಂದೇ ಬಾಕ್ಸಿಗೆ ಮಾತ್ರ ನಾಲ್ಕು ಕಟ್ ಬೇಕಾಗುತ್ತದೆ.

ಬಾಕ್ಸ್‌ಗಳ ನಡುವಿನ ಖಾಲಿ ಜಾಗದ ಕೆಲಸವನ್ನು ಸಿನಿಮಾದಲ್ಲಿ ಮಾಡುವುದು ಸೌಂಡ್. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಫ್ಯಾನ್, ದೂರದ ಲಾರಿ, ನೀರಿನ ಮೋಟರ್. ಅದಿಲ್ಲದೆ ಕಟ್ ಮಾಡಿದರೆ ಮೌನ ಇರುವ ಕಡೆ ಸೌಂಡ್ ಸತ್ತ ಹಾಗೆ ಆಗುತ್ತದೆ. ಮಾತಿಗೆ ಬೋಯಾ ಕಾಲರ್ ಮೈಕ್ ಸಾಕು, ದುಬಾರಿ ಮೈಕಿಗೆ ಸಾಲ ಮಾಡಬೇಡಿ. ಹಿನ್ನೆಲೆ ಸಂಗೀತ ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು. ನಿಮ್ಮದೇ ಕಥೆಯಾದ್ದರಿಂದ ನಿಮಗೆ ತೊಂದರೆ ಇಲ್ಲ. ಆದರೆ ನಿಮ್ಮ ಪೋಸ್ಟಿನ ಕೆಳಗೆ ಇಬ್ಬರು 'ನಾವು ಸಾಂತೋಸ್ ಕಥೆಯನ್ನೇ ಕನ್ನಡದಲ್ಲಿ ಮಾಡುತ್ತೇವೆ, ಯೂಟ್ಯೂಬ್‌ಗೆ ಫ್ರೀ ಹಾಕಿದರೆ ಏನಾಗುತ್ತದೆ' ಎಂದಿದ್ದಾರೆ. ಫ್ರೀ ಹಾಕಿದರೂ ಅನುಮತಿ ಬೇಕು. ಕಥೆಯನ್ನು ಸಿನಿಮಾಕ್ಕೆ ಅಳವಡಿಸುವ ಹಕ್ಕು ಹಕ್ಕುದಾರರದ್ದು, ನಮ್ಮ 1957ರ ಕಾಪಿರೈಟ್ ಕಾಯ್ದೆಯೂ ಅದನ್ನೇ ಹೇಳುತ್ತದೆ. ಅದರ ಬದಲು ನಮ್ಮಲ್ಲೇ ಚಿತ್ರ ಬರೆಯುವವರು ಇದ್ದಾರೆ, ಅವರನ್ನು ಕೇಳಿ, ದುಡ್ಡು ಎಷ್ಟೇ ಇರಲಿ ಕಾಗದದ ಮೇಲೆ ಒಪ್ಪಂದ ಮಾಡಿಕೊಳ್ಳಿ.

ನೆರಳಿನ ಪರೀಕ್ಷೆಯ ವಿಡಿಯೊ ಮಾಡಿ ಇಲ್ಲೇ ಹಾಕಿ, ಫೋನಿನಲ್ಲಿ ತೆಗೆದರೂ ನಡೆಯುತ್ತದೆ. ಮೂರನೇ ಪುಟದ ಮೆಟ್ಟಿಲ ದೃಶ್ಯ ಮೊದಲು ಮಾಡಿ. ಅದರಲ್ಲಿ ಲೈಟ್ ಮೇಲಿಂದ ಬರಬೇಕೋ ಕೆಳಗಿಂದಲೋ ಎನ್ನುವುದು ಪುಟ ನೋಡಿದರೆ ನನಗೂ ತೀರ್ಮಾನ ಆಗುತ್ತಿಲ್ಲ, ರಟ್ಟು ಆಡಿಸಿದ ಮೇಲೇ ಹೇಳಬಲ್ಲೆ.