ಕಬ್ ಸ್ಕೌಟ್‌ನಲ್ಲಿ ಮಗನಿಗೆ ಯಾವ ಲೂಪ್ ಮೊದಲು ಮಾಡಿಸಬೇಕು, ಆಟದ್ದಾ, ಓದಿನದ್ದಾ?

ಮಗ ಎರಡನೇ ತರಗತಿ, ಅಮೆರಿಕದ ಚಿಕ್ಕ ಮಕ್ಕಳ ಸ್ಕೌಟ್ ಆದ ಕಬ್ ಸ್ಕೌಟ್‌ನಲ್ಲಿದ್ದಾನೆ, ಅವನ ಗುಂಪಾದ ಪ್ಯಾಕ್‌ನ ಬೇರೆ ಮಕ್ಕಳ ಬೆಲ್ಟ್ ತುಂಬಾ ಕೆಲಸ ಮುಗಿಸಿದ್ದಕ್ಕೆ ಕೊಡುವ ಲೂಪ್‌ಗಳಿವೆ, ಬೇಗ ಮುಗಿಯುವುದು ಯಾವುದು ಅಂತ ಕೇಳಿದ್ದೀರಿ. 2012ರಲ್ಲಿ ನ್ಯೂಜೆರ್ಸಿಯಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ.

ಆಗ ‘ಅಕಾಡೆಮಿಕ್ಸ್ ಅಂಡ್ ಸ್ಪೋರ್ಟ್ಸ್’ ಅಂತ ಬೇರೆಯೇ ಕಾರ್ಯಕ್ರಮ ಇತ್ತು, 2015ರಲ್ಲಿ ನಿಂತುಹೋಯಿತು. ಓದಿನ ಕಡೆ ಚೆಸ್, ಗಣಿತ, ಹವಾಮಾನ. ಆಟದ ಕಡೆ ಈಜು, ಬ್ಯಾಡ್ಮಿಂಟನ್, ಗೋಲಿ ಕೂಡ. ಒಂದೊಂದಕ್ಕೂ ಮೂರು ಕೆಲಸ. ಮುಗಿಸಿದರೆ ಬೆಲ್ಟಿಗೆ ಸಿಕ್ಕಿಸುವ ಲೂಪ್, ಇನ್ನೂ ಆಳಕ್ಕೆ ಇಳಿದರೆ ಪಿನ್. ಚೆಸ್‌ಗೆ ಕಾಯಿ ಗುರುತಿಸಿ ಜೋಡಿಸಬೇಕು, ನಡೆ ತೋರಿಸಬೇಕು, ಒಂದು ಆಟ ಆಡಬೇಕು. ಅಷ್ಟೇ. ಶನಿವಾರಕ್ಕೆ ಎರಡು ಲೂಪ್ ಅಂತ ನಾನು ಲೆಕ್ಕ ಹಾಕಿದೆ. ಆ ಚಳಿಗಾಲ ಹದಿನಾಲ್ಕು ಆದವು.

ಅದರಲ್ಲಿ ಒಂದು ‘ಹೆರಿಟೇಜಸ್’. ಮೊದಲ ಕೆಲಸ, ಮನೆಯವರ ಜೊತೆ ಕೂತು ನಿಮ್ಮ ವಂಶದ ಕಥೆ, ಆಚಾರ ಮಾತಾಡುವುದು. ಎರಡನೆಯದು, ಹಿರಿಯರು ಎಲ್ಲಿಂದ ಬಂದವರು ಅಂತ ಒಂದು ಪೋಸ್ಟರ್. ಮೂರನೆಯದು, ಮೂರು ತಲೆಮಾರಿನ ವಂಶವೃಕ್ಷ. ನಮ್ಮಮ್ಮ ಆಗ ಆರು ತಿಂಗಳಿಗೆ ಅಂತ ತಿಪಟೂರಿನಿಂದ ಬಂದಿದ್ದರು. ಪಕ್ಕದ ಕೋಣೆಯಲ್ಲೇ ಇದ್ದರು. ಮಂಗಳವಾರ ಪ್ಯಾಕ್ ಮೀಟಿಂಗ್. ಭಾನುವಾರ ರಾತ್ರಿ ಒಂಬತ್ತಾಯಿತು. ಅಮ್ಮನ ಹತ್ತಿರ ಬಿಟ್ಟರೆ ಒಂದು ಹೆಸರಿಗೆ ಒಂದು ಗಂಟೆ ಕಥೆ ಹೇಳುತ್ತಾರೆ, ಮಗು ನಿದ್ದೆ ಕೆಡುತ್ತದೆ ಅಂದುಕೊಂಡು ನಾನೇ ಪೆನ್ ಹಿಡಿದೆ. ನನಗೆ ಗೊತ್ತಿದ್ದ ಹೆಸರು ಬರೆದೆ. ಮಗ ಬಣ್ಣ ಹಚ್ಚಿದ. ಪುಸ್ತಕದಲ್ಲಿ ಅಕೇಲಾ, ಅಂದರೆ ಮಗುವಿಗೆ ದಾರಿ ತೋರುವ ದೊಡ್ಡವರು, ಸಹಿ ಹಾಕುವ ಜಾಗ ಇತ್ತು. ಮನೆಯಲ್ಲಿ ಅಕೇಲಾ ಅಂದರೆ ಅಪ್ಪ ಅಮ್ಮನೇ ಅಲ್ವಾ, ಹಾಕಿದೆ.

ಇಪ್ಪತ್ತು ನಿಮಿಷದ ಕೆಲಸ. ಮಾತಾಡುವುದು ಅಂತ ಮೊದಲ ಸಾಲಿನಲ್ಲೇ ಇತ್ತು. ಅದನ್ನು ಓದಿಯೂ ದಾಟಿದೆ. ಮೂರು ಕೆಲಸಗಳಲ್ಲಿ ಕಣ್ಣಿಗೆ ಕಾಣದೇ ಇದ್ದದ್ದು ಅದೊಂದೇ. ಪೋಸ್ಟರ್ ತೋರಿಸಬಹುದು, ಮಾತು ತೋರಿಸಲು ಆಗುವುದಿಲ್ಲ, ಅದಕ್ಕೇ ಬಿಟ್ಟೆ. ಮೀಟಿಂಗ್‌ನಲ್ಲಿ ಯಾರೋ ವಂಶವೃಕ್ಷದ ಮೇಲಿನ ಹೆಸರು ತೋರಿಸಿ ‘ಇವರು ಯಾರು?’ ಅಂದರು. ಮಗ ನನ್ನ ಮುಖ ನೋಡಿದ.

ಏಳನೇ ತರಗತಿಯಲ್ಲಿ ಅವನಿಗೇ ಆಸೆ ಹುಟ್ಟಿತು. ಬೇಸಿಗೆ ರಜೆಯಲ್ಲಿ ತಿಪಟೂರಿಗೆ ಹೋಗಿ ಅಜ್ಜಿಯ ಮುಂದೆ ನೋಟ್‌ಬುಕ್ ಹಿಡಿದು ಕೂತ. ಅಷ್ಟು ಹೊತ್ತಿಗೆ ಅಮ್ಮನಿಗೆ ಮರೆವು ಹಿಡಿದಿತ್ತು. ಅವರ ಅಜ್ಜಿಯ ಹೆಸರು ಕೇಳಿದರೆ ನನ್ನ ಹೆಸರು ಹೇಳುತ್ತಿದ್ದರು. ಅವರ ತೌರಿನ ಕಥೆ ಈಗ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಆ ಹದಿನಾಲ್ಕರಲ್ಲಿ ಮಗನಿಗೆ ಇವತ್ತೂ ನೆನಪಿರುವುದು ಒಂದು. ‘ಲ್ಯಾಂಗ್ವೇಜ್ ಅಂಡ್ ಕಲ್ಚರ್’ ಲೂಪ್‌ಗೆ ಬೇರೆ ನಾಡಿನ ಎರಡು ಆಟ ಆಡಬೇಕಿತ್ತು. ಅಜ್ಜಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಗೀಚಿ ಚೌಕಾಬಾರ ಕಲಿಸಿದರು. ಲೂಪ್ ಬಂದ ಮೇಲೂ ಇಬ್ಬರೂ ತಿಂಗಳುಗಟ್ಟಲೆ ಆಡಿದರು.

ಹಾಗಾಗಿ ಆಟವೋ ಓದೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈಗ ಒಂದು ರ‍್ಯಾಂಕ್‌ಗೆ (ತರಗತಿಗೊಂದು ಹಂತ) ಕಡ್ಡಾಯದ ಆರು ಅಡ್ವೆಂಚರ್ (ಈಗ ಲೂಪ್ ಸಿಗುವುದು ಇವಕ್ಕೇ), ಆಯ್ಕೆಯ ಎರಡು ಸಾಕು. ಕಾಲೇಜಿಗೆ ಉಪಯೋಗ ಆಗುತ್ತಾ ಅಂತಲೂ ಕೇಳಿದ್ದೀರಿ. ಅಮೆರಿಕದ ಕಾಲೇಜುಗಳ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಬರೆಯುವುದು ಒಂಬತ್ತರಿಂದ ಹನ್ನೆರಡನೇ ತರಗತಿಯ ಚಟುವಟಿಕೆ. ಕಬ್ ಸ್ಕೌಟ್ ಐದನೇ ತರಗತಿಗೇ ಮುಗಿಯುತ್ತದೆ. ಆ ಯೋಚನೆ ಇವತ್ತೇ ಬಿಡಿ.

ಮೇ ತಿಂಗಳಲ್ಲಿ ನಿಮ್ಮ ಅತ್ತೆ ಬರುತ್ತಾರೆ ಅಂತ ಬರೆದಿದ್ದೀರಿ. ಅಲ್ಲಿಯವರೆಗೆ ಒಂದು ಲೂಪ್ ಕಮ್ಮಿ ಆದರೂ ಆಗಲಿ, ಕುಟುಂಬದ ಬಗ್ಗೆ ಇರುವುದನ್ನು ಮುಟ್ಟಬೇಡಿ. ಅವರು ಬಂದ ಮೇಲೆ ಪೆನ್ ಮಗನ ಕೈಗೆ ಕೊಟ್ಟು, ನೀವು ಸುಮ್ನೆ ಅಡುಗೆಮನೆಗೆ ಹೋಗಿ.