"ಮಂಗಳೂರಿನಲ್ಲಿ ನಮ್ಮದೆಂತ ಉಂಟು?"

ಪ್ರಶ್ನೆ: ನನ್ನ ತವರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಗಂಡ ತುಮಕೂರಿನವರು. ಬೆಂಗಳೂರಿಗೆ ಬಂದು 14 ವರ್ಷವಾಯಿತು. ಕಾಸರಗೋಡು ಅಂದರೆ ಸಾಕು, "ಓ, ಮಲಯಾಳಿನಾ? ಕನ್ನಡ ಚೆನ್ನಾಗಿ ಕಲ್ತಿದ್ದೀರಲ್ಲ" ಅನ್ನುತ್ತಾರೆ. ಹೇಳಿ ಹೇಳಿ ಸಾಕಾಗಿ ಈಗ "ಮಂಗಳೂರು" ಎಂದುಬಿಡುತ್ತೇನೆ. ಕಳೆದ ತಿಂಗಳು ಅಪ್ಪ ಬಂದಿದ್ದಾಗ ನನ್ನ ಒಂಬತ್ತು ವರ್ಷದ ಮಗಳು ಶಾಲೆಗೆ ಬರೆದ 'ಅಜ್ಜನ ಊರು' ಪ್ರಬಂಧ ಓದಿದಳು. "ನನ್ನ ಅಜ್ಜನ ಮನೆ ಮಂಗಳೂರಿನಲ್ಲಿದೆ" ಎಂದು ಶುರು. ಅಪ್ಪ ಊಟ ಮಾಡುತ್ತಿದ್ದ ಕೈ ಹಾಗೇ ನಿಂತಿತು. "ಮಂಗಳೂರಿನಲ್ಲಿ ನಮ್ಮದೆಂತ ಉಂಟು?" ಎಂದರು. ಆಮೇಲೆ ಮಾತೇ ಇಲ್ಲ. ಅಲ್ಲಿ ಕಚೇರಿಗೆ ಹೋದರೆ ನಾವು ಕನ್ನಡದವರು, ಇಲ್ಲಿ ಕೇರಳದವರು. ಹಾಗಾದರೆ ನಾನು ಎಲ್ಲಿಯವಳು? ನನ್ನದು ತಪ್ಪಾ?

ಉತ್ತರ: ಆಫೀಸಿನ ಲಿಫ್ಟಿನಲ್ಲಿ ಕೇಳಿದವರಿಗೆ ಮಂಗಳೂರು ಎಂದದ್ದು ತಪ್ಪೇ ಅಲ್ಲಮ್ಮ. ಮೂರು ಮಹಡಿ ಹತ್ತುವಷ್ಟರಲ್ಲಿ 1956ರ ರಾಜ್ಯ ವಿಂಗಡಣೆಯ ಕಥೆ ಯಾರಿಗೆ ಹೇಳಿ ಮುಗಿಸಲು ಆಗುತ್ತದೆ? ದಿನಾ ಅದೇ ಪ್ರಶ್ನೆ ಕೇಳಿಸಿಕೊಂಡವರು ದಣಿಯುತ್ತಾರೆ. ಆದರೆ ಆ ಉತ್ತರ ಲಿಫ್ಟಿನಿಂದ ಮನೆಗೂ ಬಂತು ನೋಡಿ, ಮಗಳು ಅದನ್ನೇ ನಿಜ ಅಂದುಕೊಂಡಳು. ಅದನ್ನು ಮಾತ್ರ ಬೇಗ ಸರಿಮಾಡಬೇಕು.

ಅಪ್ಪ ಹುಟ್ಟಿದ್ದು 1947ರಲ್ಲಿ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಅಂದರೆ 1956ರ ನವೆಂಬರ್ 1ರಂದು ಅವರಿಗೆ ಹೆಚ್ಚುಕಡಿಮೆ ನಿಮ್ಮ ಮಗಳದೇ ವಯಸ್ಸು. ಹಿಂದಿನ ದಿನದವರೆಗೂ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕು. ಆ ದಿನ ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು, ಐವತ್ತು ಕಿಲೋಮೀಟರ್ ಆಚೆಯ ಕಾಸರಗೋಡು ಕೇರಳಕ್ಕೆ ಹೋಯಿತು. ಮನೆ, ಬಾವಿ, ಅಡಿಕೆ ತೋಟ ಎಲ್ಲ ಇದ್ದಲ್ಲೇ ಇದ್ದವು. 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕು ಎಂದಿತು. ಆಗ ಅಪ್ಪನಿಗೆ ಇಪ್ಪತ್ತು. ಆ ವಯಸ್ಸಿನ ಹುಡುಗರು ಎಷ್ಟು ಆಸೆಯಿಂದ ಕಾದಿರಬೇಕು! ಅದು ಜಾರಿಗೆ ಬರಲೇ ಇಲ್ಲ. ನಿಮ್ಮ ಬದಿಯಡ್ಕದಲ್ಲೇ ನೆಲೆಸಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದರು, ಆ ಆಸೆಯನ್ನು ಕೊನೆವರೆಗೂ ಬಿಡಲಿಲ್ಲ. ನಿಮ್ಮ ಅಪ್ಪನೂ ಬಸ್ಸಿನ ಬೋರ್ಡು, ಕಚೇರಿಯ ಅರ್ಜಿ ಎಲ್ಲ ಬೇರೆ ಭಾಷೆಗೆ ತಿರುಗಿದ್ದನ್ನು ನೋಡುತ್ತಾ, ಊರಿನ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬದುಕಿದವರು ಇರಬೇಕು. ಆ ಹೆಸರು ಮೊಮ್ಮಗಳಿಗೆ ಗೊತ್ತೇ ಇಲ್ಲ ಎಂದಾಗ ಅವರ ಕೈ ನಿಂತಿತು ಅಂತ ನನಗೆ ಅನಿಸುತ್ತದೆ.

ಎಲ್ಲಿಯವಳು ಎಂದು ಕೇಳಿದಿರಿ. ಅಮ್ಮನ ಹತ್ತಿರ ತುಳು, ಶಾಲೆಯಲ್ಲಿ ಕನ್ನಡ, ರೇಷನ್ ಅಂಗಡಿಯಲ್ಲಿ ಮಲಯಾಳ, ಪಕ್ಕದ ಮನೆಯವರ ಬ್ಯಾರಿ ಭಾಷೆಯೂ ಅಲ್ಪಸ್ವಲ್ಪ ಅರ್ಥವಾಗುತ್ತದೆ ಎಂದು ನೀವೇ ಬರೆದಿದ್ದೀರಿ. ನಿಮ್ಮ ಊರು ಇರುವುದೇ ಹಾಗೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಾವ್ಯ ಬರೆದದ್ದು ಕನ್ನಡದಲ್ಲಿ. ಅವರನ್ನು ಯಾರಾದರೂ "ಕನ್ನಡ ಚೆನ್ನಾಗಿ ಕಲ್ತಿದ್ದೀರಲ್ಲ" ಅನ್ನುತ್ತಾರಾ? ನಿಮ್ಮನ್ನು ಹಾಗೆ ಕೇಳುವವರಲ್ಲೂ ಜಾಸ್ತಿ ಜನರಿಗೆ ಸುಮ್ನೆ ಗೊತ್ತಿಲ್ಲ, ಅಷ್ಟೇ. ಗಡಿಯಾಚೆ ಕನ್ನಡ ಶಾಲೆಗಳಿವೆ, ಅಲ್ಲಿ ಮಕ್ಕಳು ಕನ್ನಡದಲ್ಲೇ ಓದುತ್ತಾರೆ ಎಂದು ಅವರಿಗೆ ಯಾರೂ ಹೇಳಿಲ್ಲ. ಇನ್ನು ಮುಂದೆ "ಕಾಸರಗೋಡು, ನಾವು ಕನ್ನಡದವರೇ" ಎಂದು ಹೇಳಿ ನೋಡಿ. ಅದಕ್ಕೆ ಒಂದು ಮಹಡಿ ಸಾಕು. ಆಸಕ್ತಿ ಇದ್ದವರು ಮುಂದೆ ಕೇಳುತ್ತಾರೆ.

ಅಪ್ಪನಿಗೆ ಇವತ್ತೇ ಫೋನ್ ಮಾಡಿ. ಲಿಫ್ಟಿನ ಕಥೆ, ಕಾರಣ ಏನೂ ಬೇಡ. "ತಪ್ಪಾಯ್ತಪ್ಪಾ" ಎಂದಷ್ಟೇ ಹೇಳಿ ಫೋನನ್ನು ಮಗಳ ಕೈಗೆ ಕೊಡಿ. "ಅಜ್ಜಾ, ನಿಮಗೆ ಒಂಬತ್ತು ವರ್ಷ ಆಗಿದ್ದಾಗ ಏನಾಯ್ತು?" ಎಂದು ಅವಳು ಕೇಳಲಿ, ನೀವು ನಡುವೆ ಬಾಯಿ ಹಾಕಬೇಡಿ. ಬೇಸಿಗೆ ರಜೆಗೆ ಅವಳನ್ನು ಕರೆದುಕೊಂಡು ಹೋಗಿ, ಎರಡು ದಿನಕ್ಕಲ್ಲ, ಎರಡು ವಾರಕ್ಕೆ. ಆ ಪ್ರಬಂಧವನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಮೊದಲ ಸಾಲನ್ನು ಅವಳು ಅಜ್ಜನ ಪಕ್ಕದಲ್ಲಿ ಕೂತು ತಿದ್ದಲಿ. ಬದಿಯಡ್ಕದ ಡ ಅಕ್ಷರಕ್ಕೆ ಕ ಒತ್ತು ಎಂದು ಅವರೇ ಹೇಳಿಕೊಡಲಿ.