"ಭಾಲ್ಕಿ ಗಾಡಿ ಬಿಡೋ ಹೊತ್ತಾತು" ಎಂದರೆ ಏನು ಹೇಳಲಿ?

ಹುಮನಾಬಾದಿನ ಓದುಗರೊಬ್ಬರ ಪತ್ರ: ಬಸ್ ಕಂಡಕ್ಟರ್ ಆಗಿದ್ದ ಯಜಮಾನರಿಗೆ 74 ವರ್ಷ. ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಎಂದು ಗೊತ್ತಾಗಿ ಎರಡು ವರ್ಷ. ದಿನಾ ಸಂಜೆ "ಭಾಲ್ಕಿ ಗಾಡಿ ಬಿಡೋ ಹೊತ್ತಾತು" ಎಂದು ಬಾಗಿಲಿಗೆ ಹೋಗುತ್ತಾರೆ. ತೀರಿಹೋದ ಅವ್ವ ಎಲ್ಲಿ ಎನ್ನುತ್ತಾರೆ. ನಿಜ ಹೇಳಿದರೆ ಅಳುತ್ತಾರೆ, ಸುಳ್ಳು ಹೇಳಲು ಇವರಿಗೆ ಮನಸ್ಸಿಲ್ಲ. ಹೆಸರು ಹಿಡಿದು ಕರೆಯಿರಿ ಎಂದಿದ್ದಾರೆ ಡಾಕ್ಟರು, ನಾಲಿಗೆ ಏಳುವುದಿಲ್ಲ.

ಅಕ್ಕಾ, ಶರಣಾರ್ಥಿ.

ಮೊದಲು ಆ ಅಳುವಿನ ಮಾತು. ಈ ಕಾಯಿಲೆ ಸಾಮಾನ್ಯವಾಗಿ ಹೊಸ ನೆನಪು ಕೂಡಿಡುವ ಮಿದುಳಿನ ಭಾಗವನ್ನೇ ಮೊದಲು ಹಿಡಿಯುತ್ತದೆ. ಹಳೆಯದು ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಅವ್ವ ತೀರಿದ ಸುದ್ದಿ ಅವರಿಗೆ ಪ್ರತಿ ಸಲವೂ ಇಂದಿನ ಸಾವು. ಮಾತು ಮರೆತರೂ ಸಂಕಟ ಉಳಿದು ರಾತ್ರಿಯೆಲ್ಲ ಚಡಪಡಿಸುತ್ತಾರೆ. "ಅವ್ವನ ನೆನಪಾತೇನ್ರಿ? ಅವ್ವ ಮಾಡೋ ಪುಂಡಿಪಲ್ಯ ಭಾಳ ಛಲೋ ಇರ್ತಿತ್ತು" ಎನ್ನಿ. ಇದರಲ್ಲಿ ಸುಳ್ಳಿಲ್ಲ, ಸಾವಿನ ಸುದ್ದಿಯೂ ಇಲ್ಲ. "ಸತ್ತಾಳೇನು?" ಎಂದು ಅವರೇ ನೇರ ಕೇಳಿದರೆ ಮಾತ್ರ ಕೈ ಹಿಡಿದು, ಮೆಲ್ಲಗೆ, ಒಂದೇ ಮಾತಿನಲ್ಲಿ ಹೌದೆನ್ನಿ.

ಬಸ್ಸಿನ ಮಾತಿಗೂ ಇದೇ ದಾರಿ. "ನೀವು ರಿಟೈರ್ ಆಗೀರಿ" ಎಂದು ತಿದ್ದಿದರೆ ಜಗಳ. ದಿನವಿಡೀ ದಣಿದ ಮಿದುಳಿಗೆ ಮಬ್ಬುಬೆಳಕು, ಗೋಡೆಯ ನೆರಳು ಗೊಂದಲ ಹುಟ್ಟಿಸುತ್ತವೆ. ಆದ್ದರಿಂದ 5:30ಕ್ಕೇ ಲೈಟು ಹಾಕಿ, ಟಿವಿ ಆರಿಸಿ. ಹಳೆಯ ಚರ್ಮದ ಚೀಲ ಇದ್ದರೆ ಅದರಲ್ಲಿ ಒಂದು, ಎರಡು, ಐದರ ನಾಣ್ಯ ಬೆರೆಸಿ ಕೊಡಿ: "ಲೆಕ್ಕ ಮಾಡಿ ಕೊಡ್ರಿ." ಬೆರಳಿಗೆ ರೂಢಿಯಾದ ಕೆಲಸ ತಡವಾಗಿ ಮರೆಯುತ್ತದೆ. ಲೆಕ್ಕ ತಪ್ಪಿದರೆ ಹೇಳಬೇಡಿ. (ನಾಣ್ಯ ಬಾಯಿಗೆ ಹಾಕುವ ಹಂತ ಬಂದರೆ ಬೇರೆ ಕೆಲಸ ಹುಡುಕಬೇಕು.)

ಮಾತಾಡುವಾಗ ಹಿಂದಿನಿಂದ ಬರಬೇಡಿ, ಬೆಚ್ಚುತ್ತಾರೆ. ಎದುರಿಗೆ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು, ಒಂದು ಸಲಕ್ಕೆ ಒಂದೇ ಮಾತು. "ಸ್ನಾನ ಮಾಡಿ ಉಂಡು ಮಲಕೋರಿ" ಎಂದರೆ ಮೂರು ಕೆಲಸ. ಮೊದಲನೆಯದಕ್ಕೇ ಎಳೆ ತಪ್ಪುತ್ತದೆ. ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಉತ್ತರ ಬರದಿದ್ದರೆ ಅವೇ ಶಬ್ದಗಳಲ್ಲಿ ಮತ್ತೆ ಹೇಳಿ. ಶಬ್ದ ಬದಲಿಸಿದರೆ ಅವರು ಮೊದಲಿನಿಂದ ಅರ್ಥ ಮಾಡಿಕೊಳ್ಳಬೇಕು. "ಏನ್ ಉಣ್ತೀರಿ?" ಬೇಡ, ರೊಟ್ಟಿ, ಅನ್ನ ಎರಡನ್ನೂ ತೋರಿಸಿ ಕೇಳಿ. "ನೆನಪ ಅದ ಏನ್ರಿ?" ಎಂಬ ಪ್ರಶ್ನೆ ಮನೆಯಲ್ಲಿ ಯಾರೂ ಕೇಳಕೂಡದು, ಬಂದ ನೆಂಟರೂ ಕೂಡ. "ನಾನು ನಿಮ್ಮ ಮಗಳು, ಬೀದರಿನಿಂದ ಬಂದೀನಿ" ಎಂದು ತಾವೇ ಹೇಳಲಿ.

ಹೆಸರಿನ ಚಿಂತೆ ಬಿಡಿ. ಗಮನ ಸೆಳೆಯಲಿ ಎಂದಷ್ಟೇ ಡಾಕ್ಟರು ಹಾಗೆ ಹೇಳಿರುವುದು. ಇಷ್ಟು ವರ್ಷ ಅವರು ಕೇಳಿದ್ದು ನಿಮ್ಮ "ಏನ್ರೀ"; ಭುಜ ಮುಟ್ಟಿ ಅದನ್ನೇ ಹೇಳಿ.

ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ ಕಾಯಿಲೆ ಬೆಳೆಯಿತೆಂದು ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನಮ್ಮ ಬೇಸಿಗೆಯಲ್ಲಿ ನೀರು ಕುಡಿಯದಿರುವುದು ಕಾರಣವಿರಬಹುದು. ಬಾಯಾರಿಕೆ ಹೇಳಲು ಅವರಿಗೆ ತೋಚದು. ತಾಸಿಗೊಮ್ಮೆ ಲೋಟ ಕೈಗಿಡಿ. ಗೊಂದಲ ಹೀಗೆ ಹೆಚ್ಚಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ನೀವು ರೇಗಿದ ದಿನವೂ ಬರುತ್ತದೆ. ಅವರ ಹತ್ತಿರ ಯಾರನ್ನಾದರೂ ಕೂರಿಸಿ ಐದು ನಿಮಿಷ ಅಂಗಳಕ್ಕೆ ಹೋಗಿ, ಮತ್ತೆ ಹೊಸದಾಗಿ "ಏನ್ರೀ" ಎಂದು ಬನ್ನಿ. ರಾತ್ರಿ ನಿದ್ದೆಯಿಲ್ಲದೆ ಮನಸ್ಸು ಕುಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.